ಸೊಟ್ಟ ಚಿಕ್ಕಿ

ಡಿಸೆಂಬರ್ ಎರಡನೇ ವಾರ ಬಂತೆಂದರೆ ಸಣ್ಣ ಮಕ್ಕಳಿರುವ ಮನೆಗಳ ಮೊಬೈಲಿಗೆ ಶಾಲೆಯಿಂದ ಒಂದು ಮೆಸೇಜು ಬಂದೇ ಬರುತ್ತದೆ. ಮಕ್ಕಳು ತಮ್ಮ ಕೈಯಿಂದಲೇ ಮಾಡಿದ ಒಂದು ಕ್ರಿಸ್ಮಸ್ ಅಲಂಕಾರದ ವಸ್ತುವನ್ನು ಸೋಮವಾರ ಕಳಿಸಿಕೊಡಬೇಕು ಅಂತ. ಅದರ ಕೆಳಗೆ ತಾಯಂದಿರೆಲ್ಲ ಸಾಲಾಗಿ ಹೆಬ್ಬೆರಳು ಎತ್ತಿರುತ್ತಾರೆ. 'ತಮ್ಮ ಕೈಯಿಂದಲೇ' ಅನ್ನೋ ಮಾತನ್ನು ಯಾರೂ ನಂಬಿರುವುದಿಲ್ಲ, ಬಹುಶಃ ಕಳಿಸಿದವರೂ ಕೂಡ. ಭಾನುವಾರ ಸಂಜೆ ಸ್ಟೇಶನರಿ ಅಂಗಡಿ ಮುಂದೆ ಥರ್ಮಾಕೋಲು, ಗ್ಲಿಟರು, ಫೆವಿಕಾಲು ಅಂತ ನಿಂತವರೆಲ್ಲ ದೊಡ್ಡವರೇ. ಕೈಕೆಲಸ ಮಾಡಬೇಕಾದವರು ಮನೆಯಲ್ಲಿ ಕಾರ್ಟೂನು ನೋಡುತ್ತಿರುತ್ತಾರೆ.

ನಾನು ಅಂಥಾ ತಾಯಿ ಅಲ್ಲ ಅಂತ ಹೋದ ವರ್ಷದ ತನಕ ನನಗೆ ಭಾಳ ಅಭಿಮಾನ ಇತ್ತು. ನನ್ನ ಮಗಳಿಗೆ ಆಗ ಐದು ವರ್ಷ, ಯುಕೆಜಿ. ಮೆಸೇಜು ಬಂದ ಶನಿವಾರವೇ ಅವಳನ್ನು ಕರಕೊಂಡು ತವರುಮನೆ ಉಪ್ಪಿನಬೆಟಗೇರಿಗೆ ಹೋದೆ. ಅಂಗಡಿ ಸಾಮಾನು ಬೇಡ, ಹೊಲ-ಹಿತ್ತಲದಲ್ಲಿ ಸಿಕ್ಕಿದ್ದರಿಂದ ಮಾಡೋಣ ಅನ್ನೋದು ನನ್ನ ವಿಚಾರ. ನಮ್ಮದು ಎರಿ ಭೂಮಿ. ಡಿಸೆಂಬರಿನಲ್ಲಿ ಹಿಂಗಾರಿ ಜೋಳ ಎದ್ದು ನಿಂತಿರುತ್ತದೆ, ಕಡಲಿ ಹಸಿರಾಗಿರುತ್ತದೆ, ಹತ್ತಿ ಒಡೆದಿರುತ್ತದೆ. ಹಿಮ ಬೇಕೆಂದರೆ ಅಂಗಡಿಯ ಹತ್ತಿ ಸುರುಳಿ ಯಾಕೆ, ಗಿಡದಲ್ಲೇ ಬಿಳೀದು ತೂಗುತ್ತಿರುವಾಗ? ಹಿತ್ತಲದಲ್ಲಿ ಹೋದ ಸುಗ್ಗಿಯ ಕಣಕಿ ಬಣವಿ ಇತ್ತು. ಒಣಗಿದ ಜೋಳದ ದಂಟಿನ ಸಿಪ್ಪೆ ಸುಲಿದರೆ ಒಳಗೆ ಹಗುರಾದ ಬೆಂಡು. ನಾವು ಸಣ್ಣವರಿದ್ದಾಗ ಅದರಿಂದ ಚಕ್ಕಡಿ ಮಾಡುತ್ತಿದ್ದೆವು, ಕನ್ನಡಕ ಮಾಡಿ ಹಾಕಿಕೊಂಡು ಮಾಸ್ತರರಾಗುತ್ತಿದ್ದೆವು. ಸಿಪ್ಪೆಯ ಗಟ್ಟಿ ಕಡ್ಡಿಯನ್ನು ಬೆಂಡಿಗೆ ಚುಚ್ಚಿದರೆ ಮುಗೀತು. ಅಂಟು ಬೇಡ, ದಾರ ಬೇಡ.

"ಏನ್ ಮಾಡಾಕ ಹತ್ತೀರಿ?" ಅಂತ ಅವ್ವ ಕೇಳಿದಳು.

"ಸ್ಟಾರ್," ಅಂದಳು ಮಗಳು.

"ಅಂದ್ರ ಚಿಕ್ಕಿ."

ಚಿಕ್ಕಿ ಅಂದರೆ ಶೇಂಗಾ ಚಿಕ್ಕಿ ಅಷ್ಟೇ ಗೊತ್ತಿದ್ದ ನನ್ನ ಮಗಳು ಆಯಿಯ ಮುಖ ನೋಡಿ ನಕ್ಕಳು. ಆಮೇಲೆ ಇಡೀ ಮಧ್ಯಾಹ್ನ ಕಟ್ಟೆಯ ಮೇಲೆ ಕೂತು ಚಿಕ್ಕಿ ಮಾಡಿದಳು. ನಡುವೆ ಒಂದು ಬೆಂಡು, ಅದಕ್ಕೆ ಸುತ್ತಲೂ ಆರು ಕಡ್ಡಿ, ಕಡ್ಡಿಯ ತುದಿಗೊಂದು ಬೆಂಡಿನ ತುಂಡು, ಅದರ ಮೇಲೊಂದು ಚೂರು ಹತ್ತಿ. ಹಿಂಗ ಮಾಡು ಅಂತ ನಾನು ತೋರಿಸಿದ್ದೆ. ಅವಳು ಆರರ ಬದಲು ಏಳು ಚುಚ್ಚಿದಳು. ಒಂದು ಗೇಣುದ್ದ, ಒಂದು ಬೆರಳುದ್ದ. ನಾಲ್ಕು ಒಂದೇ ಕಡೆ ಗುಂಪುಗೂಡಿದ್ದವು, ಒಂದು ಮುರಿದು ಜೋತು ಬಿದ್ದಿತ್ತು. ಹತ್ತಿಗೆ ಅರಿಷಿಣದ ಬೆರಳು ಮೆತ್ತಿತ್ತು. "ಏಳಲ್ಲವ್ವಾ, ಆರು," ಅಂತ ಎರಡು ಸಲ ಹೇಳಿದೆ. "ಇಲ್ಲ, ಏಳು," ಅಂದಳು. ನಾನು ಯಾಕೆ ಅಂತ ಕೇಳಲಿಲ್ಲ. ಲೆಕ್ಕ ತಪ್ಪೇತಿ ಅಂದುಕೊಂಡೆ.

ರಾತ್ರಿ ಅವಳು ಮಲಗಿದ ಮೇಲೆ ಆ ಚಿಕ್ಕಿಯನ್ನು ಕೈಯಲ್ಲಿ ಹಿಡಕೊಂಡು ಕೂತೆ. ಸೋಮವಾರ ಮೂವತ್ತು ಮಕ್ಕಳ ಅಲಂಕಾರದ ನಡುವೆ ಇದು ಹೆಂಗ ಕಾಣಬಹುದು ಅಂತ ಯೋಚನೆ ಬಂತು. ಮಂದಿ ನಗತಾರ, ಕೂಸಿಗೆ ಬ್ಯಾಸರ ಆಗತೈತಿ ಅಂತ ನನಗೆ ನಾನೇ ಹೇಳಿಕೊಂಡೆ. 'ಒಂಚೂರು' ಸರಿ ಮಾಡೋಣ ಅಂತ ಜೋತು ಬಿದ್ದ ಕಡ್ಡಿ ತೆಗೆದೆ. ಅದು ತೆಗೆದರೆ ಉಳಿದವು ಇನ್ನೂ ಸೊಟ್ಟ ಕಂಡವು. ಇನ್ನೊಂದು ತೆಗೆದೆ. ಅರ್ಧ ತಾಸಿನಲ್ಲಿ ಹೊಸ ಬೆಂಡು, ಸ್ಕೇಲು ಹಿಡಿದು ಕತ್ತರಿಸಿದ ಆರು ಹೊಸ ಕಡ್ಡಿ, ಹೊಸ ಹತ್ತಿ. ಹಳೇದನ್ನು ಬೆಳಗ್ಗೆ ನೀರೊಲಿಗೆ ಹಾಕಿದೆ. ಕಣಕಿ ತಾನೇ, ಭರ್ ಅಂತ ಉರಿದು ಹೋಯಿತು.

ಮಗಳು ಎದ್ದವಳೇ ಚಿಕ್ಕಿ ಇಟ್ಟ ಮಾಡದ ಕಡೆ ಹೋದಳು. ಎತ್ತಿ ನೋಡಿದಳು. ಕೆಳಗಿಟ್ಟಳು. ಮಾಡದ ಒಳಗೆ ಕೈ ಹಾಕಿ ಹುಡುಕಿದಳು.

"ನಂದು ಎಲ್ಲಿ ಐತಿ?"

"ಅದ ನಿಂದು."

"ಇದು ನಂದಲ್ಲ. ನಂದಕ ಏಳು ಇದ್ವು."

"ರಾತ್ರಿ ಒಣಗಿ ನೆಟ್ಟಗಾತು ನೋಡು," ಅಂದೆ. ಎಷ್ಟು ಸಲೀಸಾಗಿ ಬಂತು ಆ ಸುಳ್ಳು! ಅವಳು ಮತ್ತೇನೂ ಕೇಳಲಿಲ್ಲ. ಸೋಮವಾರ ಶಾಲೆಗೆ ಒಯ್ದಳು. ಸಂಜೆ ಬಂದಾಗ ಅವಳ ಕೈಯಲ್ಲಿ ಬಂಗಾರ ಬಣ್ಣದ ಒಂದು ಸ್ಟಿಕರು ಇತ್ತು, ಚಂದ ಮಾಡಿದ ಮಕ್ಕಳಿಗೆ ಕೊಟ್ಟದ್ದು. ಅದನ್ನು ತನ್ನ ಅಂಗಿಗೆ ಅಂಟಿಸಿಕೊಂಡಿರಲಿಲ್ಲ. ನನ್ನ ಕೈಯಲ್ಲಿಟ್ಟು, "ಇದು ನಿಂದು," ಅಂದಳು. ಸಿಟ್ಟಿರಲಿಲ್ಲ, ಅಳು ಇರಲಿಲ್ಲ. ತಪ್ಪಿ ತನ್ನ ಚೀಲದಲ್ಲಿ ಬಂದ ಬೇರೆಯವರ ಪೆನ್ಸಿಲನ್ನು ತಿರುಗಿ ಕೊಟ್ಟ ಹಾಗೆ ಕೊಟ್ಟಳು.

ಆ ಸ್ಟಿಕರು ಇವತ್ತಿಗೂ ನನ್ನ ಪರ್ಸಿನಲ್ಲಿ ಇದೆ. ಈ ಬರಹ ಅದರ ಬಗ್ಗೆಯೇ. ಮಗುವಿನ ಕೈಕೆಲಸವನ್ನು ದೊಡ್ಡವರು ತಿದ್ದಬಹುದೇ? ಕೇಳಲಿಕ್ಕೆ ಸಣ್ಣ ಪ್ರಶ್ನೆ. ಆದರೆ ನನ್ನ ಮಟ್ಟಿಗೆ ಅದರೊಳಗೆ ಒಂದು ಸುಳ್ಳೂ ಇದೆ, ಒಂದು ಕಳವೂ ಇದೆ.

ಮೊದಲು ಸುಳ್ಳಿನ ಮಾತು. ಒಳ್ಳೇದಕ್ಕೆ ಹೇಳಿದ ಸುಳ್ಳು ಸುಳ್ಳಲ್ಲ ಅಂತ ನಮ್ಮಲ್ಲಿ ಎಲ್ಲರೂ ಹೇಳುತ್ತೇವೆ. ಜರ್ಮನಿಯ ತತ್ವಜ್ಞಾನಿ ಕಾಂಟ್ 1797ರಲ್ಲಿ ಬರೆದ ಒಂದು ಪುಟ್ಟ ಪ್ರಬಂಧದಲ್ಲಿ, ಕೊಲೆಗಾರ ಬಾಗಿಲಿಗೆ ಬಂದು ನಿನ್ನ ಗೆಳೆಯ ಒಳಗಿದ್ದಾನಾ ಅಂತ ಕೇಳಿದರೂ ಸುಳ್ಳು ಹೇಳಬಾರದು ಅನ್ನುವಷ್ಟು ದೂರ ಹೋದ. ಅಷ್ಟು ದೂರ ನಾನು ಹೋಗಲಾರೆ. ಬಾಗಿಲಲ್ಲಿ ಕೊಲೆಗಾರ ನಿಂತಿದ್ದರೆ ನಾನೂ ಸುಳ್ಳು ಹೇಳುತ್ತೇನೆ. ಆದರೆ ಆ ಭಾನುವಾರ ನಮ್ಮ ಬಾಗಿಲಲ್ಲಿ ಯಾರೂ ನಿಂತಿರಲಿಲ್ಲ. ನಿಂತಿದ್ದು ಒಂದು ವಾಟ್ಸಾಪ್ ಗ್ರೂಪು ಅಷ್ಟೇ. ಮಗಳಿಗೆ ಬೇಜಾರಾಗತೈತಿ ಅಂತ ನಾನು ಹೇಳಿಕೊಂಡದ್ದು ಕೂಡ ಪೂರ್ತಿ ಖರೇ ಅಲ್ಲ. ಅವಳಿಗೆ ಅವಳ ಚಿಕ್ಕಿ ಸೊಟ್ಟ ಕಂಡೇ ಇರಲಿಲ್ಲ. ಸೊಟ್ಟ ಕಂಡದ್ದು ನನಗೆ, ನಾಚಿಕೆ ಬಂದದ್ದು ನನಗೆ. ಅದೇ ವಾರ ಅವಳಿಗೆ ಪುಣ್ಯಕೋಟಿಯ ಕಥೆ ಹೇಳಿದ್ದೆ. ಕೊಟ್ಟ ಮಾತಿಗೆ ತಪ್ಪದೆ ಹುಲಿಯ ಹತ್ತಿರ ತಿರುಗಿ ಹೋದ ಆಕಳಿನ ಕಥೆ ಹೇಳಿದ ಬಾಯಿಂದಲೇ, ಕಡ್ಡಿ ರಾತ್ರೋರಾತ್ರಿ ನೆಟ್ಟಗಾತು ಅಂದೆ.

ಕಳವಿನ ಮಾತು ಇನ್ನೂ ಗಟ್ಟಿಯಾದದ್ದು. ಅದನ್ನು ಹೇಳಲಿಕ್ಕೆ ನಾನು ನನ್ನ ಸಣ್ಣಂದಿನ ಮಣ್ಣೆತ್ತಿನ ಅಮಾವಾಸ್ಯೆಗೆ ಹೋಗಬೇಕು.

ಈ ಕಡೆಯವರಿಗೆ ಹೇಳಬೇಕಾಗಿಲ್ಲ. ದೂರದ ಓದುಗರಿಗೆ ಒಂದು ಮಾತು: ಜ್ಯೇಷ್ಠದ ಅಮಾವಾಸ್ಯೆ, ಅಂದರೆ ಜೂನ್-ಜುಲೈ ಹೊತ್ತಿಗೆ, ಮಳೆ ಬಿದ್ದು ಬಿತ್ತಿಗೆ ನಡೆದಿರುವಾಗ ಉತ್ತರ ಕರ್ನಾಟಕದ ಒಕ್ಕಲುತನದ ಮನೆಗಳಲ್ಲಿ ಮಣ್ಣಿನಿಂದ ಜೋಡೆತ್ತು ಮಾಡಿ ಪೂಜೆ ಮಾಡುತ್ತಾರೆ. ಎತ್ತಿನ ಮುಂದೆ ಮೇವು ಹಾಕಲಿಕ್ಕೆ ಮಣ್ಣಿನದೇ ಒಂದು ಗ್ವಾದಲಿ. ಅದಾದ ಮೇಲೆ ಮಂಗಳವಾರಗಳಲ್ಲಿ ಹೆಣ್ಣುಮಕ್ಕಳು ಮಣ್ಣಿನ ಗುಳ್ಳವ್ವನನ್ನು ಮಾಡಿ, ಕೆಂಪು-ಕಪ್ಪು ಗುಲಗಂಜಿ ಒತ್ತಿ ಸಿಂಗಾರ ಮಾಡುತ್ತಾರೆ. ಕುಂಬಾರರ ಮನೆಯಿಂದ ತಂದ ಎತ್ತು ಇದ್ದರೂ ಮಕ್ಕಳ ಕೈಗೆ ಒಂದು ಮುದ್ದೆ ಮಣ್ಣು ಸಿಕ್ಕೇ ಸಿಗುತ್ತದೆ.

ನನ್ನ ಎತ್ತುಗಳು ಎತ್ತಿನ ಹಾಗೆ ಇರುತ್ತಿರಲಿಲ್ಲ. ಒಂದು ವರ್ಷ ಒಂದರ ಕೋಡು ಬಿದ್ದಿತ್ತು, ಇನ್ನೊಂದು ನಿಲ್ಲಲಾರದೆ ಗೋಡೆಗೆ ಆನಿಕೊಂಡಿತ್ತು. ಅಣ್ಣ ಅದನ್ನು ನೋಡಿ "ಇದೇನು ಎತ್ತೋ, ಹಂದಿಯೋ?" ಅಂತ ನಕ್ಕ. ಅವ್ವ ನಗಲಿಲ್ಲ. 'ಭಾಳ ಚಂದ ಆಗೇತಿ' ಅಂತ ಸುಳ್ಳು ಕೂಡ ಹೇಳಲಿಲ್ಲ. ಎತ್ತನ್ನು ಕೈಯಲ್ಲಿ ಹಿಡಿದು ಕೇಳಿದಳು, "ಇದನ್ನ ಎಡಕ್ಕ ಹೂಡೂದೋ, ಬಲಕ್ಕೋ?" ನಾನು ಯೋಚಿಸಿ ಬಲಕ್ಕೆ ಅಂದೆ. ಕುಂಬಾರರ ಎತ್ತಿನ ಪಕ್ಕ ಜಗಲಿಯ ಮೇಲೆ ಬಲಕ್ಕೇ ಇಟ್ಟಳು. ಅದಕ್ಕೂ ಅದೇ ವಿಭೂತಿ, ಅದೇ ಹೂವು, ಅದೇ ಹೋಳಿಗೆಯ ಎಡೆ. ನನ್ನ ಕೋಡು ಬಿದ್ದ ಎತ್ತಿಗೆ ಮನೆಮಂದಿಯೆಲ್ಲ ಕೈ ಮುಗಿದರು, ಹಂದಿ ಅಂದ ಅಣ್ಣ ಕೂಡ.

ಈ ನೆನಪನ್ನು ನಾನು ಎಷ್ಟೋ ವರ್ಷ ಅವ್ವನ ಪ್ರೀತಿಯ ಗುರುತು ಅಂತ ಇಟ್ಟುಕೊಂಡಿದ್ದೆ. ಈಗ ಅನ್ನಿಸುತ್ತದೆ, ಅದರಲ್ಲಿ ಪ್ರೀತಿಗಿಂತ ಹೆಚ್ಚಾಗಿ ಇದ್ದದ್ದು ನ್ಯಾಯ. ಈ ಎತ್ತು ಯಾವುದು, ಎಲ್ಲಿ ನಿಲ್ಲಬೇಕು ಅನ್ನೋದು ಅದನ್ನು ಮಾಡಿದವರಿಗೆ ಗೊತ್ತು, ಹಂಗಾಗಿ ಅವರನ್ನೇ ಕೇಳಬೇಕು. ಒಂದು ವಸ್ತು ನನ್ನದು ಅನ್ನೋದಕ್ಕೆ ಅದು ನನ್ನ ಕೈಯಲ್ಲಿರುವುದಷ್ಟೇ ಸಾಲದು, ಅದರ ಬಗ್ಗೆ ಕೊನೆಯ ಮಾತು ನನ್ನದಿರಬೇಕು. ಐದು ವರ್ಷದ ಕೂಸಿಗೆ ಅಂಥಾ ಆಸ್ತಿ ಏನಿರುತ್ತದೆ? ಅಂಗಿ ನಾವು ತಂದದ್ದು, ಊಟ ನಾವು ಮಾಡಿದ್ದು, ಏಳುವ ಹೊತ್ತು ಮಲಗುವ ಹೊತ್ತು ನಾವು ಹೇಳಿದ್ದು. ಅವಳದೇ ಅಂತ ಇದ್ದದ್ದು ಏಳು ಕಡ್ಡಿಯ ಒಂದು ಚಿಕ್ಕಿ. ಅದನ್ನು ರಾತ್ರಿ ನಾನು ತೆಗೆದುಕೊಂಡೆ, ಬದಲಿಗೆ ಅದಕ್ಕಿಂತ ಚಂದದ್ದನ್ನು ಇಟ್ಟೆ. ಬದಲಿ ಇಟ್ಟರೆ ಕಳವು ಕಳವಲ್ಲ ಅಂತ ಯಾವ ಪಂಚಾಯ್ತಿಯೂ ಹೇಳಲಾರದು.

ಇದನ್ನು ಗೆಳತಿಯೊಬ್ಬಳಿಗೆ ಹೇಳಿದಾಗ ಅವಳು ಒಪ್ಪಲಿಲ್ಲ. ಆಕೆ ಮಾಸ್ತರಿಕೆ ಮಾಡುವವಳು. "ಹಂಗಾರ ಮಕ್ಕಳನ್ನ ತಿದ್ದೂದ ಬ್ಯಾಡೇನು? ಸೊಟ್ಟ ಬರದ್ರ ಸೊಟ್ಟನ ಚಂದ ಅನ್ನೂದೇನು? ಹಂಗ ಬೆಳೆದ ಹುಡುಗ್ರು ಮುಂದ ಏನ್ ಕಲೀತಾರ?" ಅಂದಳು. ಮಾತು ತಳ್ಳಿಹಾಕುವಂಥದ್ದಲ್ಲ. ಮಾಡಿದ್ದೆಲ್ಲ ಚಂದ, ಗೀಚಿದ್ದೆಲ್ಲ ಕಲೆ ಅಂತ ಮಕ್ಕಳನ್ನು ಹೊಗಳಿ ಹೊಗಳಿ ಬೆಳೆಸುವ ತಾಯ್ತಂದೆಯರನ್ನೂ ನಾವು ನೋಡಿದ್ದೇವೆ. ಅಂಥಾ ಹೊಗಳಿಕೆ ಕೂಡ ಒಂದು ಥರದ ತಾತ್ಸಾರವೇ. ನೋಡದೆಯೇ 'ಸೂಪರ್' ಅಂದುಬಿಟ್ಟರೆ ಮತ್ತೆ ಮೊಬೈಲಿಗೆ ತಿರುಗಬಹುದಲ್ಲ.

ಅದರಲ್ಲೂ ನೆಟ್ಟಗಿರಲೇಬೇಕಾದ ಕೆಲಸಗಳು ಇವೆ. ನಮ್ಮ ಧಾರವಾಡ ತಾಲ್ಲೂಕಿನ ಗರಗದಲ್ಲಿ ರಾಷ್ಟ್ರಧ್ವಜಕ್ಕೆ ಬೇಕಾದ ಖಾದಿ ಬಟ್ಟೆ ನೇಯುತ್ತಾರೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿ, 1957ರಲ್ಲಿ ಹುಟ್ಟಿದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದವರು ಧ್ವಜ ಹೊಲಿಯುತ್ತಾರೆ. ಉದ್ದ-ಅಗಲ ಮೂರಕ್ಕೆ ಎರಡರ ಅಳತೆಯಲ್ಲೇ ಇರಬೇಕು, ಚಕ್ರಕ್ಕೆ ಇಪ್ಪತ್ತನಾಲ್ಕೇ ಗೆರೆ. ಸ್ವತಂತ್ರ ಭಾರತ ವಸ್ತುಗಳ ಗುಣಮಟ್ಟಕ್ಕೆ ನಿಯಮ ಬರೆಯಲು ಕೂತಾಗ 1951ರಲ್ಲಿ ಧ್ವಜಕ್ಕೇ ಒಂದನೇ ನಂಬರು ಕೊಟ್ಟಿತು. ಅಲ್ಲಿ ಒಬ್ಬ ಹೆಣ್ಣುಮಗಳು 'ನನಗೆ ಇಪ್ಪತ್ತೈದು ಗೆರೆ ಬೇಕು' ಅನ್ನುವಂತಿಲ್ಲ. ಅಂದರೆ ಆಕೆಯ ಮೇಲೆ ಅನ್ಯಾಯವೇನೂ ಆಗುವುದಿಲ್ಲ. ಯಾಕೆಂದರೆ ಆ ಬಟ್ಟೆ 'ನಾನು ಮಾಡಿದೆ' ಅಂತ ಹೇಳುವುದಿಲ್ಲ, 'ನಾವು ಎಲ್ಲರೂ' ಅಂತ ಹೇಳುತ್ತದೆ. ಎಲ್ಲರಿಗೂ ಕೊಟ್ಟ ಮಾತಿನಲ್ಲಿ ಅಳತೆ ತಪ್ಪುವುದೇ ಸುಳ್ಳು. ಮಗುವಿನ ಚಿಕ್ಕಿ ಕೊಡುವ ಮಾತು ಬೇರೆ. ಐದು ವರ್ಷದ ಕೈ ಇಷ್ಟು ಮಾಡಬಲ್ಲುದು, ಇವತ್ತು ಇದನ್ನು ಮಾಡಿತು ಅನ್ನೋದಷ್ಟೇ ಅದರ ಮಾತು. ಅಲ್ಲಿ ಸ್ಕೇಲು ಹಿಡಿದ ಅಳತೆ ಬಂದರೆ ಅದೇ ಸುಳ್ಳು. ಹೀಗೆ ಒಂದೇ ನೆಟ್ಟಗಿನ ಗೆರೆ ಬೆಂಗೇರಿಯಲ್ಲಿ ಖರೇ, ನಮ್ಮ ಕಟ್ಟೆಯ ಮೇಲೆ ಖೊಟ್ಟಿ.

ಇನ್ನು ಕಲಿಸುವ ಮಾತು. ಗೆಳತಿಗೆ ಆಗ ಉತ್ತರ ಹೊಳೆದಿರಲಿಲ್ಲ. ಆಮೇಲೆ ಒಂದು ದಿನ ಮಗಳು ಪಾಟಿ ಹಿಡಿದು ಕೂತಾಗ ನಮ್ಮ ಭಾಷೆಯಲ್ಲೇ ಸಿಕ್ಕಿತು. 'ಅಕ್ಷರ ತಿದ್ದೋದು' ಅಂತೀವಲ್ಲ, ಅದನ್ನು ಮಾಡುವವರು ಯಾರು? ಮಾಸ್ತರರಲ್ಲ. ಮಾಸ್ತರರು ದೊಡ್ಡದಾಗಿ ಒಂದು 'ಅ' ಬರೆದುಕೊಡುತ್ತಾರೆ. ಅದರ ಮೇಲೆ ಮತ್ತೆ ಮತ್ತೆ ಕೈಯಾಡಿಸಿ ತಿದ್ದುವುದು ಮಗು. ಮಾಸ್ತರರು ತಿದ್ದಿಸುತ್ತಾರೆ ಅಷ್ಟೇ. ಬೇಕಾದರೆ ಕೈ ಹಿಡಿದೂ ತಿದ್ದಿಸಬಹುದು, ಮಗು ಎಚ್ಚರಿದ್ದಾಗ, ಅದಕ್ಕೆ ಗೊತ್ತಿದ್ದು. ಆ ಹೊತ್ತಿನಲ್ಲಿ ನೆಟ್ಟಗಾಗುವುದು ಅಕ್ಷರವಷ್ಟೇ ಅಲ್ಲ, ಕೈ. ನಾನು ರಾತ್ರಿ ಮಾಡಿದ್ದರಲ್ಲಿ ಚಿಕ್ಕಿ ನೆಟ್ಟಗಾಯಿತು, ಕೈ ಇದ್ದಲ್ಲೇ ಇತ್ತು. ಕೈ ತಿದ್ದೋದು ಬ್ಯಾರೆ, ಕೈಕೆಲಸ ತಿದ್ದೋದು ಬ್ಯಾರೆ. ಗೆಳತಿಯ ವಾದ ಮೊದಲನೆಯದಕ್ಕೆ ಸರಿ. ನಾನು ಅದರ ಹೆಸರಿನಲ್ಲಿ ಎರಡನೆಯದನ್ನು ಮಾಡಿದ್ದೆ.

ಡಿಸೆಂಬರಿನಲ್ಲಿ ಧಾರವಾಡದ ಮಾರ್ಕೆಟ್ಟಿನಲ್ಲಿ ತೂಗುಹಾಕುವ ಕಾಗದದ ನಕ್ಷತ್ರದೀಪಗಳಿಗೂ ಒಂದು ಪಾಠದ ಕಥೆ ಇದೆ. ಸುತ್ತಲೂ ಚೂಪು ಮೂತಿಗಳಿರುವ ಕ್ರಿಸ್ಮಸ್ ನಕ್ಷತ್ರ ಹುಟ್ಟಿದ್ದು ಹತ್ತೊಂಬತ್ತನೇ ಶತಮಾನದ ಜರ್ಮನಿಯ ನೀಸ್ಕಿ ಊರಿನಲ್ಲಿ, ಮೊರೇವಿಯನ್ ಪಂಥದವರ ವಸತಿ ಶಾಲೆಯಲ್ಲಿ, ರೇಖಾಗಣಿತದ ಪಾಠವಾಗಿ. ಕೋನ, ತ್ರಿಕೋನ, ಚೌಕ ಕಲಿಸಲಿಕ್ಕೆ ಹುಡುಗರ ಕೈಗೆ ಕಾಗದ ಕೊಟ್ಟರು. ಆ ನಕ್ಷತ್ರದಲ್ಲಿ ಗೆರೆ ತಪ್ಪಿದರೆ ಮೂತಿ ಕೂಡುವುದಿಲ್ಲ. ತಪ್ಪು ಎಲ್ಲಿದೆ ಅಂತ ಕಾಗದವೇ ಹೇಳುತ್ತದೆ, ಹುಡುಗನೇ ಬಿಚ್ಚಿ ಮತ್ತೆ ಮಡಿಸಬೇಕು. ಮಾಸ್ತರರು ರಾತ್ರಿ ಬಂದು ಕೂಡಿಸಿಟ್ಟಿದ್ದರೆ ನಕ್ಷತ್ರ ಉಳಿಯುತ್ತಿತ್ತು, ಲೆಕ್ಕ ಹೋಗುತ್ತಿತ್ತು.

ಅದೇ ದೇಶದ ಇನ್ನೊಂದು ಊರಿನ ಕಥೆ ಇದಕ್ಕೆ ತಿರುವುಮುರುವು. ಕ್ರಿಸ್ಮಸ್ ಗಿಡಕ್ಕೆ ತೂಗುಹಾಕುವ ಮಿರಿಮಿರಿ ಗಾಜಿನ ಗುಂಡುಗಳು ಹೆಸರಾದದ್ದು ಥುರಿಂಗಿಯಾದ ಲೌಶಾ ಎಂಬ ಊರಿನಿಂದ. ಅಲ್ಲಿ ಮನೆಮನೆಯೂ ಕಾರ್ಖಾನೆ. ಗಂಡಸರು ಗಾಜು ಊದುವುದು, ಹೆಂಗಸರು ಮಕ್ಕಳು ಒಳಗೆ ಬೆಳ್ಳಿ ಬಣ್ಣ ತುಂಬುವುದು, ಮೇಲೆ ಬಣ್ಣ ಹಚ್ಚುವುದು, ಪೆಟ್ಟಿಗೆಯಲ್ಲಿ ಜೋಡಿಸುವುದು. 1880ರಿಂದ ವೂಲ್ವರ್ತ್ ಎಂಬ ಅಮೆರಿಕದ ವ್ಯಾಪಾರಿ ಅವನ್ನು ತರಿಸಿ ಮಾರತೊಡಗಿದ ಮೇಲೆ ಬೇಡಿಕೆ ಬೆಳೆಯಿತು. ಮಕ್ಕಳ ಕೈ ಸೇರಿದ ಆ ಗುಂಡುಗಳಲ್ಲಿ ಒಂದೂ ಸೊಟ್ಟ ಇರುವಂತಿರಲಿಲ್ಲ, ಸೊಟ್ಟ ಇದ್ದರೆ ಕೂಲಿ ಹುಟ್ಟುವುದಿಲ್ಲ. ಕೊಂಡವರಿಗೆ ಅದರ ಹಿಂದೆ ಮಗುವೊಂದು ಇದೆ ಅಂತ ಗೊತ್ತಾಗುತ್ತಿರಲಿಲ್ಲ. ಅಲ್ಲಿ ದೊಡ್ಡವರ ಮಾಲಿನೊಳಗೆ ಮಕ್ಕಳ ಕೈ ಅಡಗಿತ್ತು. ನಮ್ಮ ಶಾಲೆಯ ಗೋಡೆಯ ಮೇಲೆ ಮಕ್ಕಳ ಹೆಸರಿನ ಹಿಂದೆ ದೊಡ್ಡವರ ಕೈ ಅಡಗಿರುತ್ತದೆ. ಎರಡೂ ಕಡೆ ಕಾಣದಂತಾಗುವುದು ಮಗುವೇ. ನಮ್ಮಲ್ಲಿ ಕೂಲಿಯ ಸಂಕಟ ಇಲ್ಲ, ದೇವರ ದಯೆ. ಇರುವುದು ಮಂದಿ ಏನಂದಾರು ಅನ್ನೋ ಸಂಕಟ. ಅದರ ಸಲುವಾಗಿಯೂ ಮಕ್ಕಳ ಕೈಯನ್ನೇ ಬಳಸುತ್ತೇವೆ.

ಗಾಂಧೀಜಿ 1937ರಲ್ಲಿ ವಾರ್ಧಾದಲ್ಲಿ ನಯೀ ತಾಲೀಮಿನ ವಿಚಾರ ಇಟ್ಟಾಗಲೂ ಈ ಗಂಟು ಎದ್ದಿತ್ತು. ಕೈಕೆಲಸವೇ ಪಾಠದ ನಡುಗಂಬವಾಗಲಿ ಅಂದರು, ಅದು ದೊಡ್ಡ ಮಾತು. ಮಕ್ಕಳು ಮಾಡಿದ್ದನ್ನು ಮಾರಿ ಶಾಲೆಯ ಖರ್ಚು ತೂಗಿಸಬಹುದು ಅಂತಲೂ ಅಂದರು. ಹಾಗಾದರೆ ಶಾಲೆ ಕಾರ್ಖಾನೆ ಆದೀತು ಅನ್ನೋ ಹೆದರಿಕೆಯೂ ಕೂಡಲೇ ಕೇಳಿಬಂತು. ಬಡ ದೇಶದಲ್ಲಿ ಗಾಂಧಿಯವರ ಲೆಕ್ಕಕ್ಕೆ ಕಾರಣವಿತ್ತು. ಆದರೆ ಮಗು ಮಾಡಿದ್ದು ಮಾರಾಟಕ್ಕೋ ಪ್ರದರ್ಶನಕ್ಕೋ ನಿಂತ ಗಳಿಗೆಯಲ್ಲಿ ದೊಡ್ಡವರ ಕೈ ತುರಿಸತೊಡಗುತ್ತದೆ ಅನ್ನೋದನ್ನು ನಾನೀಗ ಅನುಭವದಿಂದ ಬಲ್ಲೆ. ಅಮಾವಾಸ್ಯೆಯ ಎತ್ತಿಗೆ ಆ ಭಯ ಇರಲಿಲ್ಲ. ಅದನ್ನು ನೋಡುವವರು ಮನೆಯವರು ಮತ್ತು ದೇವರು. ಪೂಜೆ ಮುಗಿದ ಮೇಲೆ ನೀರಿಗೆ ಬಿಟ್ಟರೆ ಮತ್ತೆ ಮಣ್ಣು. ಉಳಿಸಿ ತೋರಿಸುವುದಿಲ್ಲ ಅಂದಾಗ ತಿದ್ದುವ ಚಪಲವೂ ಇರುವುದಿಲ್ಲ.

ಈ ವರ್ಷ ಮತ್ತೆ ಮೆಸೇಜು ಬಂತು. ಮಗಳು ಈಗ ಒಂದನೇತ್ತೆ. ಮತ್ತೆ ಉಪ್ಪಿನಬೆಟಗೇರಿಗೆ ಹೋದೆವು. ಕಣಕಿ ಇಟ್ಟುಕೊಂಡು ಕಟ್ಟೆಯ ಮೇಲೆ ಕೂತಾಗ ನಮ್ಮ ಸೋದರಮಾವ ಬಂದಿದ್ದ. "ಇದೇನ್ ನಮ್ಮ ಹಬ್ಬ ಏನವಾ?" ಅಂದ. ಅವ್ವ ಕಡಲಿ ಸೋಸುತ್ತ, "ಕೂಸಿನ್ನ ಗ್ವಾದಲ್ಯಾಗ ಮಲಗಿಸಿದ್ರಂತ. ಗ್ವಾದಲಿ ಇದ್ದ ಮನಿಯವರು ನಾವು, ನಮಗೇನ್ ದೂರ ಬಿಡಪಾ," ಅಂದಳು. ಆಕೆಗೆ ಇದನ್ನು ಹೇಳಿದ್ದು ನನ್ನ ಮಗಳೇ. ಖರೇನ, ಕನ್ನಡದ ಬೈಬಲ್ಲಿನಲ್ಲಿ ಯೇಸುವನ್ನು ಮಲಗಿಸಿದ್ದು ಗೋದಲಿಯಲ್ಲಿ. ಬಾಸೆಲ್ ಮಿಶನ್ನಿನವರು ಧಾರವಾಡಕ್ಕೆ ಬಂದದ್ದು 1837ರಲ್ಲಿ. ಅವರ ಹಬ್ಬಕ್ಕೆ ಬೇಕಾದ ಆ ಶಬ್ದ ನಮ್ಮ ದನದ ಮನೆಯಲ್ಲಿ ಮೊದಲೇ ಇತ್ತು. ನಾವು ಅಮಾವಾಸ್ಯೆಗೆ ಮಣ್ಣಿನಿಂದ ಮಾಡುವುದೂ ಚರ್ಚಿನವರು ಹುಲ್ಲಿನಿಂದ ಸಿಂಗರಿಸುವುದೂ ಒಂದೇ ಹೆಸರಿನ ವಸ್ತು. ಮಾವ ಒಂದು ಬೆಂಡು ಎತ್ತಿಕೊಂಡು ತಾನೂ ಸುಲಿಯತೊಡಗಿದ.

ಎಲ್ಲರೂ ಒಳಗೆ ಹೋದ ಮೇಲೆ ಮಗಳಿಗೆ ಹೇಳಿದೆ. ಇಡೀ ವರ್ಷ ಹೇಳಬೇಕು ಅಂದುಕೊಂಡು ಹೇಳದೆ ಉಳಿದದ್ದು.

"ಹೋದ ವರ್ಷ ನಿನ್ನ ಚಿಕ್ಕಿ ನಾ ಬದಲಿ ಮಾಡಿದ್ನಿ. ತಾನ ನೆಟ್ಟಗಾತು ಅಂದದ್ದು ಸುಳ್ಳು."

"ನಂಗ ಗೊತ್ತಿತ್ತು," ಅಂದಳು, ಬೆಂಡು ಚುಚ್ಚುವುದನ್ನು ನಿಲ್ಲಿಸದೆ. ಆಮೇಲೆ ನಿಲ್ಲಿಸಿ ಕೇಳಿದಳು, "ನಂದು ಎಲ್ಲಿ ಇಟ್ಟಿ?"

ಈ ಪ್ರಶ್ನೆ ಬರುತ್ತದೆ ಅಂತ ನಾನು ಎಣಿಸಿರಲಿಲ್ಲ. ಎಲ್ಲೋ ಕಳೀತು ಅಂದುಬಿಡಬಹುದಿತ್ತು. ಅರ್ಧ ಖರೇ ಹೇಳಿ ಕ್ಷಮೆ ಕೇಳುವುದು ನಮಗೆ ಚೊಲೋ ರೂಢಿ. ದೊಡ್ಡವರ ಹತ್ತಿರವಾದರೆ ಪೂರ್ತಿ ಲೆಕ್ಕ ಒಪ್ಪಿಸುತ್ತೇವೆ, ಮಕ್ಕಳ ಹತ್ತಿರ ಮಾತ್ರ ಚಿಲ್ಲರೆ ಉಳಿಸಿಕೊಳ್ಳುತ್ತೇವೆ.

"ನೀರೊಲಿಗೆ ಹಾಕಿದ್ನಿ," ಅಂದೆ.

ಅವಳು ಬಹಳ ಹೊತ್ತು ಮಾತಾಡಲಿಲ್ಲ. ಹಿತ್ತಲದ ನೀರೊಲೆಯ ಕಡೆ ಒಂದು ಸಲ ನೋಡಿದಳು. ಕಣ್ಣಲ್ಲಿ ನೀರು ಬಂತು, ಬೀಳಲಿಲ್ಲ. "ತಪ್ಪಾತು," ಅಂದೆ. ಅದಕ್ಕೆ ಅವಳು 'ಇರಲಿ' ಅನ್ನಲಿಲ್ಲ. ಅನ್ನಬೇಕು ಅಂತ ಕಾಯುವುದು ಕೂಡ ಸರಿಯಲ್ಲ ಅಂತ ನನಗೆ ಆಗ ಅನ್ನಿಸಿತು. ತಪ್ಪು ಒಪ್ಪಿಕೊಂಡ ಕೂಡಲೇ ಕ್ಷಮೆಯ ಸ್ಟಿಕರು ಬೇಕು ಅಂದರೆ ನಾನು ಹೋದ ವರ್ಷದಿಂದ ಏನೂ ಕಲಿತಿಲ್ಲ ಅಂತಲೇ ಅರ್ಥ.

ಆಗ ಕೇಳಿದೆ, ಒಂದು ವರ್ಷ ತಡವಾಗಿ, ಅವ್ವನ ಹಾಗೆ. "ಅದಕ್ಕ ಏಳು ಕಡ್ಡಿ ಯಾಕ ಹಾಕಿದ್ದಿ?"

ಬೆರಳು ಮಡಚುತ್ತ ಹೇಳಿದಳು. "ಆಯಿ, ಅಜ್ಜ, ಮಾಮಾ, ಮಾಮಿ, ಪಪ್ಪಾ, ನೀ, ನಾ."

ಜೋತು ಬಿದ್ದದ್ದು ಯಾರು, ಗುಂಪುಗೂಡಿದ್ದವರು ಯಾರು ಅಂತ ಕೇಳಲಿಕ್ಕೆ ನನಗೆ ಧೈರ್ಯ ಬರಲಿಲ್ಲ. ಲೆಕ್ಕ ತಪ್ಪಿದ್ದು ಅವಳದಲ್ಲ ಅನ್ನೋದಷ್ಟು ಗೊತ್ತಾಯಿತು. ನಾನು ಆ ರಾತ್ರಿ 'ಹೆಚ್ಚಿಗೆ ಆಗೇತಿ' ಅಂತ ಕಿತ್ತು ತೆಗೆದದ್ದು ಮನೆಯವರಲ್ಲೇ ಒಬ್ಬರನ್ನು.

"ಈ ಸಲ ನಿಂದು ನೀ ಮಾಡು, ನಂದು ನಾ ಮಾಡ್ತೇನಿ," ಅಂತ ಒಂದು ಬೆಂಡನ್ನು ನನ್ನ ಕಡೆ ತಳ್ಳಿದಳು. ಇಬ್ಬರೂ ಕೂತು ಮಾಡಿದೆವು. ನಡುನಡುವೆ ನನ್ನದನ್ನು ನೋಡಿ ಕಡ್ಡಿಯನ್ನು ಹೆಂಗ ಚೂಪು ಮಾಡೋದು ಅಂತ ಕೇಳಿದಳು, ತೋರಿಸಿದೆ. ಕಲಿಸುವುದಕ್ಕೆ ಅಷ್ಟು ಸಾಕಿತ್ತು. ಅವಳ ಚಿಕ್ಕಿ ಹೋದ ವರ್ಷದ್ದಕ್ಕಿಂತ ಗಟ್ಟಿಯಾಗಿ ನಿಂತಿತು, ಸೊಟ್ಟತನವೇನೂ ಹೋಗಲಿಲ್ಲ. ಈ ಸಲ ಎಂಟು ಕಡ್ಡಿ. ಎಂಟನೆಯದು ಮಾವನ ಮನೆಯ ಹೊಸ ಹೋರಿಗರುವಿನದು ಅಂತ ಕೇಳಿದ ಮೇಲೆ ಗೊತ್ತಾಯಿತು. ನನ್ನದನ್ನು ಅವ್ವ ಬಾಗಿಲಿಗೆ ಕಟ್ಟಿಕೊಂಡಳು. ಎಳ್ಳ ಅಮಾವಾಸ್ಯೆಯ ತನಕ ಇರಲಿ ಅಂದಳು.

ಧಾರವಾಡಕ್ಕೆ ಬರುವ ಬಸ್ಸಿನಲ್ಲಿ ಗದ್ದಲ. ಯಾರದೋ ಚೀಲ ತಾಗಿ ಒಂದು ಕಡ್ಡಿ ಕಳಚಿ ಬಿತ್ತು. ನನ್ನ ಕೈ ತಾನಾಗಿಯೇ ಮುಂದೆ ಹೋಯಿತು, ಹಿಂದಕ್ಕೆ ತೆಗೆದುಕೊಂಡೆ. ಮಗಳು ಬಗ್ಗಿ ಹುಡುಕಿ ಕಡ್ಡಿಯನ್ನು ತೆಗೆದು ಕಂಪಾಸ್ ಪೆಟ್ಟಿಗೆಯಲ್ಲಿ ಹಾಕಿಕೊಂಡಳು.

"ಈಗ ಚುಚ್ಚಲೇನು?" ಅಂತ ಕೇಳಿದೆ.

"ಬ್ಯಾಡ. ಸಾಲ್ಯಾಗ ನಾನ ಚುಚ್ತೇನಿ," ಅಂದಳು.